ಸುರಪುರದ ಟೇಲರ್ ಮಂಜಿಲ್

ನಮ್ಮ ನಾಡಿನ ಪೂರ್ವಚರಿತ್ರೆಯನ್ನು ಶೋಧಿಸುವವರು ಶಾಸನ, ದೇವಾಲಯ, ಕೋಟೆ, ನಾಣ್ಯ ಇವುಗಳನ್ನು ಮುಖ್ಯ ಸಾಧನಗಳನ್ನಾಗಿ ಇಟ್ಟುಕೊಂಡು ಬಂದಿರುವುದು ಸರಿಯಷ್ಟೆ. ಆದರೆ ಜನರು ವಾಸಮಾಡಿದ ಮನೆಗಳ ಕಡೆಗೆ ವಿದ್ವಾಂಸರ ದೃಷ್ಟಿಯು ಬಿದ್ದಿರುವುದು ಬಹು ವಿರಳ. ಇದಕ್ಕೆ ಕಾರಣವಿಲ್ಲದಿಲ್ಲ. ಮಣ್ಣು ಮರಗಳಿಂದ ಕಟ್ಟಿದ ಮನೆಯು ನಾಲ್ಕೈದು ತಲೆಮಾರುಗಳಿಗಿಂತ ಹೆಚ್ಚು ಕಾಲ ನಿಲ್ಲುವುದು ಕಷ್ಟ; ನಿಂತರೂ ಅದರಲ್ಲಿ ಬಾಳುವವರು ತಮ್ಮ ಅನುಕೂಲಕ್ಕೆ ತಕ್ಕಂತೆ ಗೋಡೆಯನ್ನು ಒಡೆದು, ಬಾಗಿಲನ್ನು ಮುಚ್ಚಿ, ಅಟ್ಟವನ್ನು ಏರಿಸಿ, ಅದರ ಮೂಲರೂಪವನ್ನು ಮರೆಮಾಡಿಬಿಡುತ್ತಾರೆ. ಶಾಸನವು ತನ್ನ ಕಾಲವನ್ನೂ ಕರ್ತೃವನ್ನೂ ತಾನೇ ಹೇಳಿಕೊಳ್ಳುತ್ತದೆ, ಮನೆಯು ಮೌನವಾಗಿರುತ್ತದೆ. ಆದುದರಿಂದ ಕಟ್ಟಿಸಿದವನು ಯಾರೆಂಬುದೂ, ಕಟ್ಟಿಸಿದ ಕಾಲವು ಯಾವುದೆಂಬುದೂ, ಅಲ್ಲಿ ನಡೆದ ಕಾರ್ಯಗಳು ಯಾವುವೆಂಬುದೂ ಲಿಖಿತವಾಗಿ ಉಳಿದುಬಂದಿರುವ ಒಂದು ಮನೆಯು ನಮ್ಮ ಸಣ್ಣ ಊರೊಂದರಲ್ಲಿ ನಿಂತಿದ್ದರೆ, ಅದನ್ನು ಚರಿತ್ರಕಾರರು ಕಡೆಗಣಿಸತಕ್ಕದ್ದಲ್ಲ. ಸುರಪುರದ ಗುಡ್ಡದ ಮೇಲೆ ಇರುವ ಟೇಲರ್ ಮಂಜಿಲ್ ಎಂಬುದು ಅಂತಹ ಮನೆ. ಅದರ ಯೋಗ್ಯತೆ ಯಾವ ಬಗೆಯದು, ಅದನ್ನು ನಮ್ಮದೆಂದು ಕಾಪಾಡಿಕೊಳ್ಳುವುದು ಯುಕ್ತವೇ ಅಲ್ಲವೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಕೃಷ್ಣೆ ಭೀಮೆಗಳ ನಡುವಣ ದೋಆಬದಲ್ಲಿರುವ ಸುರಪುರವು ಈಗ ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕಿನ ಮುಖ್ಯಸ್ಥಳ. ಇಂಗ್ಲಿಷರ ಬರೆಹಗಳಲ್ಲಿ ಇದು ಷೋರಾಪುರವೆಂದೂ ಸೋರಾಪುರವೆಂದೂ ನಾನಾ ವಿಧವಾಗಿ ಕಾಣಿಸಿಕೊಳ್ಳುವುದರಿಂದ ಹೊಸದಾಗಿ ಓದುವವರಿಗೆ ಬೇರೆ ಬೇರೆ ಊರುಗಳೆಂಬ ಭ್ರಾಂತಿ ಉಂಟಾಗುವುದುಂಟು. ಇಲ್ಲಿ ಆಳಿದ ಬೇಡ ನಾಯಕರು ಗೋಸಲ ವಂಶದವರು. ಅವರ ಹಳೆಯ ನೆಲೆಯಾದ ವಾಗಿನಗೇರೆಯನ್ನು ೧೭೦೫ರಲ್ಲಿ ಔರಂಗಜೇಬನು ತಾನೇ ಬಂದು ಮುತ್ತಿದನು. ಆ ಮುದುಕ ಬಾದಷಹನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು. ಕೋಟೆಯು ಅವನ ಕೈಸೇರಿತು. ನಾಯಕನು ಮಾತ್ರ ಸಿಕ್ಕಲಿಲ್ಲ. ದಕ್ಷಿಣವನ್ನೆಲ್ಲ ನುಂಗಿದ ಸೈನ್ಯವನ್ನು ಮಣ್ಣಗೋಡೆಯ ಕೋಟೆಯೊಂದರ ಮುಂದೆ ತಿಂಗಳುಗಟ್ಟಲೆ ನಿಲ್ಲಿಸಿದ ಈ ವಂಶದ ಕೀರ್ತಿಯನ್ನು ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಹೊತ್ತಿಗೆ ಸಂಸ್ಥಾನವು ಹೈದರಾಬಾದಿನ ನಿಜಾಮನಿಗೆ ಅಧೀನವಾಗಿ, ಸಾಲದಲ್ಲಿ ಮುಳುಗಿ, ಒಳಜಗಳಗಳಿಂದ ಜೀರ್ಣವಾಗಿದ್ದಿತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗನಾದ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ರಾಣಿ ಈಶ್ವರಮ್ಮನಿಗೂ ರಾಜನ ದಾಯಾದಿಗಳಿಗೂ ನಡುವೆ ಅಧಿಕಾರಕ್ಕಾಗಿ ತಿಕ್ಕಾಟವು ನಡೆಯುತ್ತಿದ್ದಿತು. ಹೈದರಾಬಾದಿನ ರೆಸಿಡೆಂಟನಾದ ಜನರಲ್ ಫ್ರೇಸರನು ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುವುದಕ್ಕಾಗಿ ಕಳುಹಿಸಿದ ಅಧಿಕಾರಿಯೇ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರನು. ೧೮೪೨ರ ಸುಮಾರಿಗೆ ಬಂದ ಅವನು ೧೮೫೩ರ ವರೆಗೆ ಇಲ್ಲಿದ್ದನು.

ಟೇಲರನ ವೃತ್ತಾಂತವು ಕನ್ನಡಿಗರಿಗೆ ತೀರ ಅಪರಿಚಿತವಲ್ಲವಾದರೂ ಪ್ರಕೃತಕ್ಕೆ ಬೇಕಾದಷ್ಟನ್ನು ಹೇಳಬೇಕಾಗಿದೆ. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಇವನು ಹದಿನೈದು ವರ್ಷದ ಹುಡುಗನಾಗಿ ಮುಂಬಯಿಯ ಒಬ್ಬ ವರ್ತಕನ ಅಂಗಡಿಗೆ ಬಂದನು. ಆ ವ್ಯಾಪಾರವು ಹೇಳಿಕೊಂಡಷ್ಟು ಭಾಗ್ಯದ್ದಾಗಿರಲಿಲ್ಲ. ೧೮೨೪ರಲ್ಲಿಯೇ ನಿಜಾಮನ ಸೈನ್ಯದಲ್ಲಿ ಕೆಲಸವು ದೊರೆಯಿತು. ಅವನು ಕಂಪೆನಿಯ ದೊಡ್ಡ ಪರೀಕ್ಷೆಗಳನ್ನು ಮುಗಿಸಿ ಬಂದ ಸಿವಿಲ್ ಅಧಿಕಾರಿಯಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಭಾಷೆಗಳು, ಮೋಜಣಿ, ಎಂಜಿನಿಯರಿಂಗ್, ಧರ್ಮಶಾಸ್ತ್ರ, ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ ಎಲ್ಲವನ್ನೂ ತಾನಾಗಿಯೇ ಕಲಿತುಕೊಂಡವನು. ೧೮೩೯ರಲ್ಲಿ ಪ್ರಕಟವಾದ ಠಕ್ಕನೊಬ್ಬನ ಆತ್ಮನಿವೇದನೆಯ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಅವನ ಹೆಸರು ಹಬ್ಬಿತು. ಮರುವರ್ಷವೇ ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿಯು ಹೊರಬಂದಿತು. ಸುರಪುರಕ್ಕೆ ಬಂದುದು ಈ ಕೀರ್ತಿಯು ಹೊಸದಾಗಿದ್ದಾಗಲೇ.

ಅವನ ಪತ್ನಿಯ ವಿಷಯವನ್ನು ಇಂಗ್ಲಿಷ್ ಗ್ರಂಥಕಾರರು ಅವಸರದಲ್ಲಿ ದಾಟಿಬಿಡುತ್ತಾರೆ. ಅದು ಈ ಮನೆಯ ಚರಿತ್ರೆಗೆ ಸಂಬಂಧಪಟ್ಟದ್ದು. ಮೇರಿ ಪಾಮರ್ ಎಂಬ ಆಕೆಯು ಹೈದರಾಬಾದಿನ ಪ್ರಸಿದ್ಧ ಸಾಹುಕಾರನಾದ ವಿಲಿಯಂ ಪಾಮರನ ಮಗಳು. ಆ ವಿಲಿಯಂ ಪಾಮರನು ಜನರಲ್ ಪಾಮರನಿಗೂ ದೆಹಲಿಯ ಕಡೆಯ ಕುಲೀನ ಸ್ತ್ರೀಯಾದ ಫೈಜ್ ಬಕ್ಷ್ ಬೇಗಮಳಿಗೂ ಹುಟ್ಟಿದವನು. ಎಂದರೆ ಟೇಲರನ ಪತ್ನಿಯು ಹಿಂದೂಸ್ಥಾನದ ಬೇಗಮಳೊಬ್ಬಳ ಮೊಮ್ಮಗಳಾಗಿದ್ದಳು. ಆಕೆ ೧೮೪೪ರಲ್ಲಿ ತೀರಿಕೊಂಡಳು. ಸುರಪುರದ ಮನೆಯನ್ನು ಕಟ್ಟಿಸಿದುದೂ ಸಾಮಾನ್ಯವಾಗಿ ಅದೇ ೧೮೪೪ನೆಯ ಇಸವಿಯಲ್ಲೆಂದೇ ಹೇಳುತ್ತಾರೆ. ಅಲ್ಲಿಂದ ಮುಂದೆ ಅವನು ಅದರಲ್ಲಿ ಕಳೆದ ವರ್ಷಗಳು ಒಂಟಿತನದ ವರ್ಷಗಳು. ಆತ್ಮಕಥೆಯಲ್ಲಿ ರಾಜ್ಯದ ಕೆಲಸ, ಕೆರೆ, ರಸ್ತೆ, ಪುರಾತನ ಗೋರಿಗಳು ಇಷ್ಟೊಂದು ಸ್ಥಳವನ್ನು ಹಿಡಿದಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕೆಂದು ನನ್ನ ಎಣಿಕೆ.

ಇನ್ನು ಮನೆಯ ವಿಚಾರ. ಇದನ್ನು ವಿಕ್ಟೋರಿಯಾ ರಾಣಿಯ ಕಾಲದ ಮನೆ ಎನ್ನುವುದು ಕಾಲಗಣನೆಯ ದೃಷ್ಟಿಯಿಂದ ನಿಜ. ಆಕೆ ೧೮೩೭ರಲ್ಲಿ ಪಟ್ಟಕ್ಕೆ ಬಂದು ೧೯೦೧ರ ವರೆಗೆ ಆಳಿದಳು. ಆದರೆ ಆ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ಬರುವುದು ಬೆಂಗಳೂರಿನ ಅರಮನೆಯಂತಹ ಗೋಪುರ, ಕೊತ್ತಳ, ಬಣ್ಣದ ಗಾಜು, ಮರದ ಕೆತ್ತನೆಯ ಮುಂಭಾಗ ಮುಂತಾದುವು. ಅವೆಲ್ಲವೂ ೧೮೬೦ರಿಂದ ಈಚಿನ ಶೋಕಿ. ಬೆಂಗಳೂರಿನ ಅಠಾರಾ ಕಚೇರಿಯು ಮುಗಿದುದು ೧೮೬೮ರಲ್ಲಿ. ೧೮೪೪ರ ಮನೆಯಲ್ಲಿ ಅಂತಹ ಅಲಂಕಾರವನ್ನು ಹುಡುಕಿ, ಕಾಣದೆ, ಇದರಲ್ಲಿ ಕಲೆ ಏನಿದೆ ಎಂದು ಮೂಗು ಮುರಿಯುವುದು ಹೊಯ್ಸಳರ ಕೆತ್ತನೆಯನ್ನು ಬಾದಾಮಿಯ ಗುಹೆಯಲ್ಲಿ ಹುಡುಕಿದಂತೆ. ಬಂಗಲೆಯೆಂಬುದು ಶಬ್ದದಿಂದಲೇ ತಿಳಿಯುವಂತೆ ಬಂಗಾಳದ ಗುಡಿಸಲಿನಿಂದ ಬಂದ ರೂಪ. ನಡುವೆ ಒಂದು ದೊಡ್ಡ ಅಂಕಣ, ಸುತ್ತಲೂ ಕೊಠಡಿಗಳು, ಅವುಗಳಾಚೆ ನೆರಳಿಗಾಗಿ ಪಡಸಾಲೆ, ಗಾಳಿಗಾಗಿ ಎದುರುಬದುರು ಬಾಗಿಲುಗಳು, ಬಿಸಿಗಾಳಿ ಮೇಲೇರುವುದಕ್ಕಾಗಿ ಎತ್ತರವಾದ ಛಾವಣಿ ಎಂಬುದು ಆ ಕಾಲದ ಬಂಗಲೆಗಳ ಸಾಮಾನ್ಯ ಕ್ರಮ. ಬಿಸಿಲುನಾಡಿನಲ್ಲಿ ಯಂತ್ರದ ಸಹಾಯವಿಲ್ಲದೆ ತಂಪಾಗಿರುವುದು ಹೇಗೆಂಬ ಪ್ರಶ್ನೆಗೆ ಅನುಭವದಿಂದ ಕಂಡುಕೊಂಡ ಉತ್ತರ ಅದು. ಬೇಸಗೆಯಲ್ಲಿ ಆ ಸೀಮೆಯ ಬಂಡೆಗಳು ಹೇಗೆ ಕಾಯುತ್ತವೆಂಬುದನ್ನು ಬಲ್ಲವರಿಗೆ, ಊರಿನ ಇಕ್ಕಟ್ಟನ್ನು ಬಿಟ್ಟು ಗಾಳಿಯಾಡುವ ಗುಡ್ಡದ ಮೇಲಿನ ಜಾಗವನ್ನು ಆರಿಸಿಕೊಂಡುದರ ಔಚಿತ್ಯವು ತಾನಾಗಿ ತಿಳಿಯುತ್ತದೆ. ಎತ್ತರದ ನೆಲೆಯಿಂದ ಊರೆಲ್ಲವೂ ಕಣ್ಣಿಗೆ ಬೀಳುತ್ತದೆಂಬುದು ಇನ್ನೊಂದು ಸೌಕರ್ಯ. ಅದು ಗಾಳಿಗೆ ಸಂಬಂಧಪಟ್ಟದ್ದಲ್ಲ, ಅಧಿಕಾರಕ್ಕೆ ಸಂಬಂಧಪಟ್ಟದ್ದು.

ಇಲ್ಲಿ ಕಾಲದ ವಿಷಯವಾಗಿ ಒಂದು ಮಾತನ್ನು ಸ್ವಲ್ಪ ಬೆಳೆಸುತ್ತೇನೆ. ಮುಂಬಯಿ ಮದರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಬಂದು ಕೂಡಿದುದು ೧೮೭೧ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಹೆಂಚಿನ ಕಾರ್ಖಾನೆಯು ೧೮೬೫ರಲ್ಲಿ ಆರಂಭವಾಯಿತು. ಹಿಂದೂಸ್ಥಾನದಲ್ಲಿ ಸಿಮೆಂಟಿನ ತಯಾರಿಕೆಯು ಇಪ್ಪತ್ತನೆಯ ಶತಮಾನದ ಆರಂಭದ್ದು. ಆದ್ದರಿಂದ ೧೮೪೪ರಲ್ಲಿ ಸುರಪುರದಂತಹ ದೂರದ ಊರಿನಲ್ಲಿ ಮನೆ ಕಟ್ಟುವವನಿಗೆ ಕಬ್ಬಿಣದ ತೊಲೆಯಾಗಲಿ, ಯಂತ್ರದ ಹೆಂಚಾಗಲಿ, ತಗಡಾಗಲಿ, ಸಿಮೆಂಟಾಗಲಿ ದೊರೆಯುವಂತಿರಲಿಲ್ಲ. ಎತ್ತಿನ ಬಂಡಿಯ ಮೇಲೆ ಬರಬಹುದಾದುದು ಮರ ಮತ್ತು ಗಾಜು; ಉಳಿದುದೆಲ್ಲವೂ ಆ ನೆಲದ್ದೇ ಆಗಬೇಕು. ಕಲ್ಲು ಆ ಗುಡ್ಡಗಳದು, ಸುಣ್ಣವು ಆ ಸೀಮೆಯ ಭಟ್ಟಿಗಳದು, ಗಾರೆಯನ್ನು ಅರೆದು ಅದಕ್ಕೆ ಬೆಲ್ಲ ಅಳಲೆಕಾಯಿಗಳ ನೀರನ್ನು ಕೂಡಿಸಿ ಹದಮಾಡುವ ವಿದ್ಯೆಯು ನಮ್ಮ ಕೆಲಸಗಾರರದು. ಆದಿಲಷಾಹಿ ಗುಮ್ಮಟಗಳನ್ನೂ ಕಮಾನುಗಳನ್ನೂ ಎತ್ತಿದ ಪರಂಪರೆಯು ಆ ಪ್ರಾಂತದ ಗೌಂಡಿಗಳಲ್ಲಿ ಅಳಿದಿರಲಿಲ್ಲ. ಯೋಜನೆಯು ಟೇಲರನದಾದರೂ ಕೈಗಳು ಕನ್ನಡ ನಾಡಿನವು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹೀಗಿರುವಲ್ಲಿ ಈ ಮನೆಯು ಒಬ್ಬ ಇಂಗ್ಲಿಷನ ಮನೆಯೆನ್ನುವಷ್ಟೇ ಸತ್ಯವಾಗಿ, ರೈಲಿಗೆ ಮುಂಚಿನ ಸುರಪುರದ ಕಲ್ಲುಕುಟಿಗರ, ಗಾರೆಯವರ, ಬಡಗಿಗಳ ಕೈಕೆಲಸದ ದಾಖಲೆಯೂ ಹೌದು. ಈ ಬಗೆಯ ದಾಖಲೆಗಳು ನಮ್ಮಲ್ಲಿ ಎಷ್ಟು ಉಳಿದಿವೆ? ಶ್ರೀಮಂತರ ವಾಡೆಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳ ತೊಲೆ ಕಂಬಗಳು ಹಳೆಯ ಮರದ ವ್ಯಾಪಾರಿಗಳ ಮಳಿಗೆಗಳಿಗೆ ಹೋಗುತ್ತಿವೆ.

ಈ ಪ್ರಮಾಣಗಳನ್ನೇ ತಿರುಗಿಸಿ ನೋಡಿದರೆ ಕಟ್ಟಡವನ್ನು ಪರೀಕ್ಷಿಸುವವರಿಗೆ ಒಂದು ಒರೆಗಲ್ಲೂ ದೊರೆಯುತ್ತದೆ. ಇಂತಹ ಮನೆಯ ಯಾವ ಭಾಗದಲ್ಲಿ ಕಬ್ಬಿಣದ ತೊಲೆ ಕಂಡರೂ ಅದು ರೈಲಿನಿಂದ ಈಚಿನದು. ಎಲ್ಲಿ ಮಂಗಳೂರು ಹೆಂಚು ಕಂಡರೂ ಅದು ೧೮೬೫ಕ್ಕೆ ಈಚಿನದು. ಸಿಮೆಂಟಿನ ಲೇಪವು ಇನ್ನೂ ಈಚಿನದು. ಶಾಸನದಲ್ಲಿ ಲಿಪಿಯ ವ್ಯತ್ಯಾಸದಿಂದ ಕಾಲವನ್ನು ನಿರ್ಣಯಿಸುವಂತೆಯೇ ಇಲ್ಲಿ ಪದಾರ್ಥದ ವ್ಯತ್ಯಾಸದಿಂದ ಪದರಗಳನ್ನು ಬಿಡಿಸಬಹುದು.

ಈಗ ಒಂದು ಆಕ್ಷೇಪಕ್ಕೆ ಬರಬೇಕಾಗಿದೆ. ಈ ಮನೆಯು ಪರರ ಆಳ್ವಿಕೆಯ ಗುರುತಲ್ಲವೇ? ನಾಯಕರ ಅರಮನೆಯು ಶಿಥಿಲವಾಗುತ್ತಿರುವಾಗ ಅವರ ಮೇಲೆ ಕಣ್ಣಿಡಲು ಬಂದವನ ಬಂಗಲೆಯನ್ನು ಕಾಪಾಡುವುದೇಕೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಏಕೆಂದರೆ ಈ ಮನೆಯ ಕಥೆಯು ಸುರಪುರದ ಕೊನೆಯ ಅರಸನ ದುರಂತದಿಂದ ಬೇರೆ ಮಾಡಲಾಗದ್ದು.

ಬಾಲಕನಾದ ವೆಂಕಟಪ್ಪ ನಾಯಕನು ಟೇಲರನ ಕಣ್ಮುಂದೆ ಬೆಳೆದನು. ಅವನು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನು ಆತ್ಮಕಥೆಯಲ್ಲಿ ಬರೆದಿದ್ದಾನೆ. ೧೮೫೩ರಲ್ಲಿ ರಾಜನು ಪ್ರಾಪ್ತವಯಸ್ಕನಾಗಲು ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಿ ಟೇಲರನು ನಳದುರ್ಗದ ಕಡೆಗೆ ವರ್ಗವಾಗಿ ಹೋದನು. ನಾಲ್ಕು ವರ್ಷಗಳ ತರುವಾಯ ಉತ್ತರದಲ್ಲಿ ಸಂಗ್ರಾಮವು ಹೊತ್ತಿಕೊಂಡಿತು. ತರುಣ ರಾಜನು ಅರಬರನ್ನೂ ರೋಹಿಲರನ್ನೂ ಕೂಡಿಸಿದನು; ತನ್ನ ಬೇಡ ಪಡೆಯನ್ನು ಸಿದ್ಧಗೊಳಿಸಿದನು. ಅವನನ್ನು ಒಲಿಸಲು ಬಂದ ಕ್ಯಾಪ್ಟನ್ ರೋಸ್ ಕ್ಯಾಂಬೆಲನ ಮಾತು ನಡೆಯಲಿಲ್ಲ. ೧೮೫೮ರ ಫೆಬ್ರವರಿಯಲ್ಲಿ ಸುರಪುರದ ಸುತ್ತ ಯುದ್ಧವಾಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿಯು ಬಿದ್ದನು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಯಲ್ಲಿದ್ದ ಅವನನ್ನು ಟೇಲರನು ಹೋಗಿ ಕಂಡನು. ಮರಣದಂಡನೆಯು ದ್ವೀಪಾಂತರವಾಸವಾಗಿ, ಆಮೇಲೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಮದರಾಸಿನ ಕಡೆಗೆ ಕಾವಲಿನಲ್ಲಿ ಸಾಗಿಸುತ್ತಿರುವಾಗ ದಾರಿಯಲ್ಲಿ ಅವನು ಗುಂಡೇಟಿನಿಂದ ಸತ್ತನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂಬುದು ಟೇಲರನು ಕೊಟ್ಟಿರುವ ವೃತ್ತಾಂತ. ಅವನನ್ನು ಕೊಂದರೆಂಬುದು ನಾಡಿನಲ್ಲಿ ಉಳಿದ ನಂಬುಗೆ. ಆಗ ಅವನಿಗೆ ಇಪ್ಪತ್ತನಾಲ್ಕನೆಯ ವಯಸ್ಸು. ಸಂಸ್ಥಾನವು ೧೮೬೦ರಲ್ಲಿ ನಿಜಾಮನಿಗೆ ಸೇರಿಹೋಯಿತು. ಅದೇ ವರ್ಷ ಟೇಲರನೂ ಸ್ವದೇಶಕ್ಕೆ ಹೋದನು.

ರಾಜನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೂ ರಾಜ್ಯನಾಶವೂ ಬರೆದಿದ್ದವೆಂದೂ, ಅದನ್ನು ಬಹು ವರ್ಷಗಳ ಮೊದಲೇ ತನಗೆ ಗುಟ್ಟಾಗಿ ತಿಳಿಸಿದ್ದರೆಂದೂ ಟೇಲರನು ಬರೆಯುತ್ತಾನೆ. ಓದುವವರಿಗೆ ರೋಮಾಂಚವನ್ನುಂಟುಮಾಡುವ ಭಾಗವೇ ಸರಿ. ಆದರೆ ಬರೆದವನು ಕಾದಂಬರಿಕಾರನು. ಆತ್ಮಕಥೆಯು ರೂಪುಗೊಂಡುದು ಘಟನೆಗಳು ನಡೆದ ಬಹುಕಾಲದ ಮೇಲೆ. ಅಚ್ಚಾದುದು ಅವನು ೧೮೭೬ರಲ್ಲಿ ಸತ್ತ ಮೇಲೆ, ೧೮೭೭ರಲ್ಲಿ, ಅವನ ಮಗಳ ಕೈಯಿಂದ. ರಾಜನ ಪತನವನ್ನು ವಿಧಿಯ ತಲೆಗೆ ಹಾಕಿದರೆ ಮನುಷ್ಯರ ಪಾಲಿಗೆ ಬರುವ ಹೊಣೆ ಕಡಿಮೆಯಾಗುತ್ತದೆಂಬುದನ್ನು ಚರಿತ್ರಕಾರನು ಮರೆಯಲಾಗದು. ಹುಡುಗನನ್ನು ಪ್ರೀತಿಸಿದ ಕೈಯೇ ಅವನ ರಾಜ್ಯದ ಲೆಕ್ಕಪತ್ರಗಳನ್ನೂ ಹಿಡಿದಿದ್ದಿತು. ಪ್ರೀತಿಯು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಅಧಿಕಾರದಿಂದ ಬಿಡಿಯಾಗಿದ್ದಿತೆಂದೂ ಹೇಳಲಾರೆ.

ಆದುದರಿಂದಲೇ ಆಕ್ಷೇಪಕ್ಕೆ ಉತ್ತರವು ಈ ಸಂಗತಿಗಳಲ್ಲಿಯೇ ಅಡಗಿದೆ. ಊರಿನಲ್ಲಿರುವ ಅರಮನೆ, ಗುಡ್ಡದ ಮೇಲಿರುವ ಬಂಗಲೆ, ಇವೆರಡರ ನಡುವಣ ಏರುದಾರಿ, ಇವು ಮೂರೂ ಕೂಡಿದಾಗಲೇ ಸುರಪುರದ ೧೮೪೨ರಿಂದ ೧೮೫೮ರ ವರೆಗಿನ ಚರಿತ್ರೆಯು ನೆಲದ ಮೇಲೆ ಕಣ್ಣಿಗೆ ಕಾಣುತ್ತದೆ. ಬಂಗಲೆಯನ್ನು ಅಳಿಸಿದರೆ ಅರಮನೆಯ ಕಥೆಯು ಹೆಚ್ಚು ಸ್ಪಷ್ಟವಾಗುವುದಿಲ್ಲ; ಅದರ ಎದುರಾಳಿಯು ಮಾಯವಾಗುತ್ತಾನೆ, ಅಷ್ಟೆ. ಇದಕ್ಕೆ ಸೇರಿಸಿ ಹೇಳಬೇಕಾದ ಮಾತೆಂದರೆ, ಅರಮನೆಯನ್ನು ಕೆಡಲು ಬಿಟ್ಟು ಬಂಗಲೆಯೊಂದನ್ನೇ ಸಿಂಗರಿಸುವುದೂ ಅಷ್ಟೇ ಅಪಚಾರ. ವೆಂಕಟಪ್ಪ ನಾಯಕನ ಹೆಸರಿಲ್ಲದೆ ಟೇಲರ್ ಮಂಜಿಲಿನಲ್ಲಿ ಯಾವ ಫಲಕವನ್ನೂ ನಿಲ್ಲಿಸಬಾರದೆಂಬುದು ನನ್ನ ಅಭಿಪ್ರಾಯ.

ಟೇಲರನ ಲೋಕೋಪಯೋಗಿ ಕಾರ್ಯಗಳಲ್ಲಿ ಕೆರೆಗಳ ಜೀರ್ಣೋದ್ಧಾರವು ಮುಖ್ಯವಾದುದು. ನಾಯಕರ ಕಾಲದಿಂದ ಬಂದ ಬೋನಾಳದ ಕೆರೆಯನ್ನು ಅವನು ದುರಸ್ತಿಮಾಡಿಸಿದನು. ಇಂದು ಅದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿದೆ. ಇದನ್ನು ಇಷ್ಟಕ್ಕೇ ಬಿಡುತ್ತೇನೆ. ಮನೆಯ ಯೋಗ್ಯತೆಯನ್ನು ನಿರ್ಣಯಿಸುವುದು ಇದಲ್ಲ, ಇನ್ನೊಂದು ಕೆಲಸ.

ಜೇವರ್ಗಿಯ ಸುತ್ತಮುತ್ತಲೂ, ರಾಜನಕೋಳೂರಿನಲ್ಲಿಯೂ, ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿಯೂ ಇರುವ ಕಲ್ಗುಪ್ಪೆಗಳೂ, ಚಪ್ಪಡಿಯ ಕಲ್ಮನೆಗಳೂ, ಸಾಲುಸಾಲಾಗಿ ನಿಲ್ಲಿಸಿದ ಗುಂಡುಗಳೂ ಊರವರಿಗೆ ಮೊದಲಿನಿಂದಲೂ ಗೊತ್ತಿದ್ದವುಗಳೇ. ಅವುಗಳನ್ನು ಮೋರ್ಯರ ಮನೆಗಳೆಂದು ಕರೆದು, ಮೂರು ಗೇಣಿನ ಗಿಡ್ಡಜನರು ಅವುಗಳಲ್ಲಿ ವಾಸವಾಗಿದ್ದರೆಂದು ಹೇಳುತ್ತಿದ್ದರು. ಈ ಹೆಸರನ್ನೂ ಕಥೆಯನ್ನೂ ಟೇಲರನು ಗುರುತುಮಾಡಿಕೊಂಡನು; ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಗುಪ್ಪೆಗಳನ್ನು ಅಗೆಸಿ, ಒಳಗೆ ದೊರೆತ ಅಸ್ಥಿ, ಕೆಂಪು ಕಪ್ಪು ಮಡಕೆ, ಕಬ್ಬಿಣದ ಈಟಿಯ ಮೊನೆ ಮುಂತಾದುವು ಯಾವ ಆಳದಲ್ಲಿ, ಯಾವ ಪದರದಲ್ಲಿ, ಯಾವ ದಿಕ್ಕಿಗೆ ಇದ್ದುವೆಂಬುದನ್ನು ಅಳೆದು, ಅಗೆತದ ಉದ್ದಗಲಗಳನ್ನಲ್ಲದೆ ಕೆಳಗಿನಿಂದ ಮೇಲಿನವರೆಗಿನ ಕಡಿತವನ್ನೂ ಚಿತ್ರವಾಗಿ ಬರೆದನು. ಆ ಕಾಲದಲ್ಲಿ ಯೂರೋಪಿನಲ್ಲಿಯೂ ಹಳೆಯ ಗೋರಿಗಳನ್ನು ಅಗೆಯುವವರಲ್ಲಿ ಬಹುಮಂದಿ ಪಾತ್ರೆಯನ್ನೋ ಒಡವೆಯನ್ನೋ ಎತ್ತಿಕೊಂಡು ಗುಂಡಿಯನ್ನು ಮರೆತುಬಿಡುತ್ತಿದ್ದರು. ಒಂದು ನೂರು ವರ್ಷಗಳಾದ ಮೇಲೆ, ೧೯೫೪ರಲ್ಲಿ, ಉತ್ಖನನದ ಕ್ರಮವನ್ನು ಕುರಿತು ಗ್ರಂಥವನ್ನು ಬರೆದ ಸರ್ ಮಾರ್ಟಿಮರ್ ವ್ಹೀಲರನು ಟೇಲರನ ಈ ಚಿತ್ರವನ್ನು ಎತ್ತಿಕೊಟ್ಟು ಮೆಚ್ಚಿಕೊಂಡುದು ಇದೇ ಕಾರಣದಿಂದ.

ಈ ಶೋಧನೆಗಳು ೧೮೫೧ರಿಂದ ೧೮೬೨ರ ವರೆಗಿನ ಪ್ರಬಂಧಗಳಾಗಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಶಾಖೆಯವರ ಪತ್ರಿಕೆಯಲ್ಲಿಯೂ ಐರ್ಲೆಂಡಿನ ರಾಯಲ್ ಅಕಾಡೆಮಿಯವರ ಸಂಪುಟದಲ್ಲಿಯೂ ಬೆಳಕಿಗೆ ಬಂದುವು. ೧೯೪೧ರಲ್ಲಿ ಹೈದರಾಬಾದಿನ ಪ್ರಾಚ್ಯಸಂಶೋಧನ ಇಲಾಖೆಯವರು, ಗುಲಾಂ ಯಜ್ದಾನಿಯವರ ಸಂಪಾದಕತ್ವದಲ್ಲಿ, ಅವುಗಳನ್ನೆಲ್ಲ ಕೂಡಿಸಿ ಪುಸ್ತಕವಾಗಿ ಮುದ್ರಿಸಿದರು. ಅವುಗಳಲ್ಲಿನ ಸಿದ್ಧಾಂತಗಳು ಇಂದು ನಿಲ್ಲುವುದಿಲ್ಲ. ದಖ್ಖನದ ಗೋರಿಗಳನ್ನು ಬ್ರಿಟನ್ನು ಬ್ರಿಟನಿಗಳ ಗೋರಿಗಳೊಡನೆ ಹೋಲಿಸಿ, ಎರಡನ್ನೂ ಸಿಥಿಯನ್ನರಿಗೋ ಕೆಲ್ಟರಿಗೋ ಡ್ರೂಯಿಡರಿಗೋ ಸಲ್ಲಿಸುವುದು ಆ ಶತಮಾನದ ಹುಚ್ಚು. ದಕ್ಷಿಣದ ಈ ಶಿಲಾಸಮಾಧಿಗಳು ಇಲ್ಲಿನ ಕಬ್ಬಿಣಯುಗದ ಜನರವೆಂದು ಈಗ ಸಿದ್ಧವಾಗಿದೆ. ಆದರೆ ಸಿದ್ಧಾಂತವು ಕೊಳೆತರೂ ಅಳತೆಯು ಕೊಳೆಯುವುದಿಲ್ಲ. ಅವನು ನೋಡಿದ ಗುಪ್ಪೆಗಳಲ್ಲಿ ಅನೇಕವು ನೇಗಿಲಿಗೂ ರಸ್ತೆಯ ಜಲ್ಲಿಗೂ ಸಂದುಹೋಗಿರುವುದರಿಂದ ಆ ಚಿತ್ರಗಳೇ ನಮಗೆ ಉಳಿದಿರುವ ಸಾಕ್ಷಿ. ಮುಂದೆ ಇದೇ ದೋಆಬದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ ಬೈಚಬಾಳಗಳ ಕಣಿವೆಯನ್ನು ದಶಕಗಟ್ಟಲೆ ಶೋಧಿಸಿ, ಇಸಾಂಪುರದಲ್ಲಿ ಹಳೆಯ ಶಿಲಾಯುಗದ ಜನರು ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಕಾರ್ಯಸ್ಥಾನವನ್ನು ಬೆಳಕಿಗೆ ತಂದರು. ಸುರಪುರ ಸೀಮೆಯ ಹೆಸರು ಜಗತ್ತಿನ ಪುರಾತತ್ತ್ವಗ್ರಂಥಗಳಲ್ಲಿ ಎರಡು ಬಾರಿ ಎದ್ದಿತು. ಮೊದಲನೆಯ ಬಾರಿಯ ಟಿಪ್ಪಣಿಗಳು ಸಿದ್ಧವಾದ ದಿನಗಳಲ್ಲಿ ಅವುಗಳ ಕರ್ತೃವಿನ ಮನೆಯು ಇದಾಗಿದ್ದಿತು. ಕನ್ನಡ ನಾಡಿನ ವಾಸ್ತುವನ್ನು ಕುರಿತು ೧೮೬೬ರಲ್ಲಿ ಫರ್ಗುಸನ್ನನೊಡನೆ ಟೇಲರನು ಹೊರತಂದ ಧಾರವಾಡ ಮೈಸೂರುಗಳ ಛಾಯಾಚಿತ್ರಗಳ ದೊಡ್ಡ ಗ್ರಂಥವನ್ನೂ, ಅದೇ ವರ್ಷದ ಬಿಜಾಪುರದ ಗ್ರಂಥವನ್ನೂ ಇಲ್ಲಿ ನೆನೆಯಬಹುದು.

೧೮೪೨ರಲ್ಲಿಯೇ ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿಯಲ್ಲಿ ಚಾರ್ಲ್ಸ್ ಡಾರ್ವಿನನು ಹಳೆಯ ಮನೆಯೊಂದಕ್ಕೆ ಬಂದು ನೆಲಸಿದನು. ಆ ಮನೆಯಲ್ಲಿ ವಾಸ್ತುವಿನ ಸೊಬಗು ವಿಶೇಷವಾಗಿಲ್ಲ. ಅಲ್ಲಿ ನಡೆದ ಕೆಲಸದ ದೆಸೆಯಿಂದ ಅದನ್ನು ೧೯೨೯ರಲ್ಲಿ ಸಾರ್ವಜನಿಕರಿಗೆ ತೆರೆದರು. ಇಬ್ಬರ ಕೆಲಸಗಳ ತೂಕವನ್ನು ನಾನು ಸಮಮಾಡುತ್ತಿಲ್ಲ. ಮನೆಯ ಯೋಗ್ಯತೆಯನ್ನು ಅಳೆಯುವ ಕೋಲು ಯಾವುದೆಂಬುದನ್ನು ಮಾತ್ರ ತೋರಿಸುತ್ತಿದ್ದೇನೆ. ನಮಗೆ ಇನ್ನೂ ಹತ್ತಿರದ ಉದಾಹರಣೆಯು ತಲಚೇರಿಯ ಬಳಿಯ ಗುಂಡರ್ಟನ ಬಂಗಲೆ. ೧೮೩೯ರಿಂದ ೧೮೫೯ರ ವರೆಗೆ ಅಲ್ಲಿದ್ದು ಮಲೆಯಾಳ ನಿಘಂಟಿಗಾಗಿ ದುಡಿದವನ ನೆನಪಿಗೆ ಆ ಊರವರು ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿಕೊಂಡಿದ್ದಾರೆ.

ಟೇಲರ್ ಮಂಜಿಲ್ ಇಷ್ಟು ಕಾಲ ಬೀಳದೆ ನಿಂತುದಕ್ಕೆ ಕಾರಣವು ಸರಳವಾಗಿದೆ: ಅದು ಸರ್ಕಾರದ ಪ್ರವಾಸಿ ಬಂಗಲೆಯಾಗಿ ಉಪಯೋಗದಲ್ಲಿದ್ದಿತು. ಮಂಜಿಲ್ ಎಂಬ ಅರಬಿ ಶಬ್ದಕ್ಕೆ ಇಳಿದುಕೊಳ್ಳುವ ಸ್ಥಳವೆಂದು ಮೂಲಾರ್ಥ. ಪಯಣದಲ್ಲಿ ಒಂದು ದಿನದ ದಾರಿಗೂ ಆ ಹೆಸರುಂಟು. ಹೆಸರಿಗೂ ಉಪಯೋಗಕ್ಕೂ ಇಷ್ಟು ಹೊಂದಿಕೆಯಾಗುವುದು ಅಪೂರ್ವ. ವಾಸವಿರುವ ಮನೆಯ ಮಾಡಿನಲ್ಲಿ ಸೋರುವ ನೀರನ್ನು ಯಾರಾದರೂ ನೋಡುತ್ತಾರೆ. ಬೀಗ ಹಾಕಿದ ಸ್ಮಾರಕದಲ್ಲಿ ನೋಡುವವರು ಬಾವಲಿಗಳು. ಆದರೆ ಉಪಯೋಗವು ಕಾಪಾಡುವಂತೆಯೇ ಕೆಡಿಸಲೂ ಬಲ್ಲುದು. ಅತಿಥಿಗಳ ಸೌಕರ್ಯಕ್ಕಾಗಿ ಸ್ನಾನದ ಕೊಠಡಿ, ನೀರಿನ ಕೊಳವೆ, ವಿದ್ಯುತ್ತಿನ ತಂತಿ, ನೆಲಕ್ಕೆ ಹೊಳೆಯುವ ಬಿಲ್ಲೆ ಇವು ಒಂದೊಂದಾಗಿ ಬರುವುದು ಇಂತಹ ಬಂಗಲೆಗಳೆಲ್ಲದರ ಅನುಭವ. ಇವುಗಳಲ್ಲಿ ಎಲ್ಲಕ್ಕಿಂತಲೂ ಅಪಾಯಕರವಾದುದು ನೋಡಲು ಎಲ್ಲಕ್ಕಿಂತಲೂ ಅಚ್ಚುಕಟ್ಟಾಗಿರುವ ಸಿಮೆಂಟಿನ ಗಿಲಾವು. ಸುಣ್ಣದ ಗೋಡೆಯು ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿಕೊಂಡ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವವು ಒಳಗೇ ಸಿಕ್ಕಿ, ಗಾರೆಯನ್ನು ಪುಡಿಪುಡಿಮಾಡಿ, ಹೊರಗೆ ಭದ್ರವಾಗಿ ಕಾಣುವ ಗೋಡೆಯನ್ನು ಒಳಗಿನಿಂದ ಟೊಳ್ಳುಮಾಡುತ್ತದೆ. ಹಳೆಯದನ್ನು ಹೊಸದರಂತೆ ಮಾಡುವ ಈ ಚಪಲದ ವಿರುದ್ಧವಾಗಿಯೇ ವಿಲಿಯಂ ಮಾರಿಸನು ೧೮೭೭ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಯ ಸಂಘವನ್ನು ಸ್ಥಾಪಿಸಿದನು. ಟೇಲರನ ಆತ್ಮಕಥೆಯು ಹೊರಬಿದ್ದ ವರ್ಷವೂ ಅದೇ.

೧೯೫೮ರ ಕೇಂದ್ರ ಶಾಸನದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡವು ಪ್ರಾಚೀನ ಸ್ಮಾರಕವೆನ್ನಿಸಿಕೊಳ್ಳಲು ಅರ್ಹ. ನಮ್ಮ ರಾಜ್ಯಕ್ಕೆ ೧೯೬೧ರ ಶಾಸನವಿದೆ. ವಯಸ್ಸಿನ ಮಾತಿಗೆ ಬಂದರೆ ಈ ಮನೆಯು ಆ ಗಡಿಯನ್ನು ಎಂದೋ ದಾಟಿದೆ. ಆದರೆ ಕಾನೂನಿನ ರಕ್ಷಣೆಯೊಂದೇ ಸಾಲದು. ಸ್ಮಾರಕವೆಂದು ಘೋಷಿಸಿ ಜನರನ್ನು ಹೊರಗಿಟ್ಟರೆ ಮೇಲೆ ಹೇಳಿದ ಬಾವಲಿಗಳ ಪಾಲಾಗುತ್ತದೆ. ಇಳಿದುಕೊಳ್ಳುವವರು ಇಳಿದುಕೊಳ್ಳಲಿ. ನಡುವಣ ಅಂಕಣದಲ್ಲಿ ಟೇಲರನ ಜೇವರ್ಗಿಯ ಚಿತ್ರಗಳ ಪ್ರತಿಗಳನ್ನೂ, ನಾಯಕರ ವಂಶಾವಳಿಯನ್ನೂ, ೧೮೫೮ರ ವೃತ್ತಾಂತವನ್ನು ಎರಡು ಕಡೆಯವರು ಹೇಳಿದಂತೆಯೂ ಇಡಬಹುದು. ದುರಸ್ತಿಯ ಕೆಲಸವು ಸುಣ್ಣದ ಗಾರೆಯಲ್ಲಿಯೇ ನಡೆಯಬೇಕು. ಆ ವಿದ್ಯೆಯನ್ನು ಬಲ್ಲ ಹಿರಿಯ ಗೌಂಡಿಗಳು ಸಿಕ್ಕುವುದು ದಿನೇದಿನೇ ಕಷ್ಟವಾಗುತ್ತಿರುವುದರಿಂದ, ಅವರ ಕೈಕೆಳಗೆ ಊರಿನ ತರುಣರು ನಾಲ್ವರು ಕಲಿಯುವಂತೆ ಏರ್ಪಡಿಸಿದರೆ ಕಾಂಟ್ರಾಕ್ಟಿನ ಹಣಕ್ಕೆ ಎರಡು ಪ್ರಯೋಜನವಾಗುತ್ತದೆ.

ಇವೆಲ್ಲಕ್ಕಿಂತಲೂ ಮೊದಲು ಆಗಬೇಕಾದುದು ಖರ್ಚಿಲ್ಲದ ಕೆಲಸ. ಮನೆಯ ಪ್ರತಿಯೊಂದು ಕೊಠಡಿಯ ಉದ್ದ, ಅಗಲ, ಎತ್ತರ, ಗೋಡೆಯ ದಪ್ಪ, ಬಾಗಿಲುಗಳ ಅಳತೆ, ಛಾವಣಿಯ ಕಟ್ಟು ಇವುಗಳನ್ನು ಅಳೆದು ನಕ್ಷೆಯನ್ನು ಬರೆಯಬೇಕು. ನೆಲದ ನಕ್ಷೆಯನ್ನಲ್ಲದೆ ಕಡಿತವನ್ನೂ ಬರೆಯಬೇಕು. ಗಿಲಾವು ಉದುರಿದ ಕಡೆಗಳಲ್ಲಿ ಒಳಗಿನ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ ಬರೆದಿಡಬೇಕು. ಮುಂದಿನ ಬಾರಿ ಸುಣ್ಣಬಣ್ಣಗಳ ಕೆಲಸವು ಹಿಡಿಯುವುದಕ್ಕೆ ಮುಂಚೆ ಇದನ್ನು ಕಲಬುರಗಿಯ ವಿಶ್ವವಿದ್ಯಾಲಯದ ಇತಿಹಾಸದ ವಿದ್ಯಾರ್ಥಿಗಳು ಮೂರು ನಾಲ್ಕು ದಿನಗಳಲ್ಲಿ ಮಾಡಿ ಮುಗಿಸಬಲ್ಲರು.